ಸೇತುವೆಯ ಕೆಳಗಿನ ತೋಟ

(ವಾಹನಗಳ ದಟ್ಟಣೆ ಕಡಿಮೆ ಮಾಡಲು ನಗರಗಳಲ್ಲಿ ಮೇಲ್ಸೇತುವೆಗಳನ್ನು ಕಟ್ಟುತ್ತಾರೆ. ಆ ಸೇತುವೆಗಳ ಕೆಳಗೆ ಉಳಿದ ಜಾಗ ಯಾರದು? ಅದರಿಂದ ಜನರಿಗೆ ಏನು ಉಪಯೋಗ? ಮುಂಬಯಿಯ ಒಂದು ತೋಟವನ್ನು ನೋಡಿ ಬಂದ ಇಬ್ಬರು ಮಕ್ಕಳ ಅನುಭವವನ್ನು ಈ ಪಾಠದಲ್ಲಿ ಓದಿರಿ.)

ದೀಪಾವಳಿಯ ರಜೆ ಬಂದಿತು. ಗೀತಾ ಮತ್ತು ಅವಳ ತಮ್ಮ ಬಸವರಾಜ ಅವ್ವನ ಜೊತೆಗೆ ಮುಂಬಯಿಗೆ ಹೊರಟರು. ಅವರದು ಅಕ್ಕಲಕೋಟ ತಾಲೂಕಿನ ಒಂದು ಹಳ್ಳಿ. ಅವರ ಮಾಮಾ ಮುಂಬಯಿಯ ಮಾಟುಂಗಾದಲ್ಲಿ ಒಂದು ಅಂಗಡಿಯಲ್ಲಿ ಲೆಕ್ಕ ಬರೆಯುವ ಕೆಲಸ ಮಾಡುತ್ತಾರೆ.

ರಾತ್ರಿ ಸೋಲಾಪುರದಲ್ಲಿ ಸಿದ್ಧೇಶ್ವರ ಎಕ್ಸ್‌ಪ್ರೆಸ್ ಹತ್ತಿದರು. ಬೆಳಗಾಗುವ ಹೊತ್ತಿಗೆ ದಾದರ್ ನಿಲ್ದಾಣ ಬಂದಿತು. ಮಾಮಾ ಅಲ್ಲಿ ಕಾಯುತ್ತ ನಿಂತಿದ್ದರು. ಎಲ್ಲರೂ ಟ್ಯಾಕ್ಸಿಯಲ್ಲಿ ಕುಳಿತರು.

ದಾರಿಯಲ್ಲಿ ಒಂದು ದೊಡ್ಡ ಸೇತುವೆ ಕಾಣಿಸಿತು. ಅದರ ಮೇಲೆ ವಾಹನಗಳು ಓಡುತ್ತಿದ್ದವು. ಕೆಳಗೂ ವಾಹನಗಳು ಓಡುತ್ತಿದ್ದವು.

"ಮಾಮಾ, ಇಲ್ಲಿ ಹೊಳೆಯೂ ಇಲ್ಲ, ಹಳ್ಳವೂ ಇಲ್ಲ. ಸೇತುವೆ ಏಕೆ ಕಟ್ಟಿದ್ದಾರೆ?" ಎಂದು ಬಸವರಾಜ ಕೇಳಿದನು.

ಮಾಮಾ ನಕ್ಕರು. "ಇದು ನೀರು ದಾಟುವ ಸೇತುವೆಯಲ್ಲ, ರಸ್ತೆ ದಾಟುವ ಸೇತುವೆ. ಇದಕ್ಕೆ ಮೇಲ್ಸೇತುವೆ ಎನ್ನುತ್ತಾರೆ. ಮರಾಠಿಯಲ್ಲಿ ಉಡ್ಡಾಣಪೂಲ ಎನ್ನುತ್ತಾರೆ. ನಾಲ್ಕು ರಸ್ತೆಗಳು ಕೂಡುವಲ್ಲಿ ಗಾಡಿಗಳು ಬಹಳ ಹೊತ್ತು ನಿಲ್ಲಬೇಕಾಗುತ್ತದೆ. ನೇರವಾಗಿ ಹೋಗುವ ಗಾಡಿಗಳು ಸೇತುವೆಯ ಮೇಲಿಂದ ಹೋದರೆ ಕೆಳಗಿನ ಗದ್ದಲ ಕಡಿಮೆಯಾಗುತ್ತದೆ" ಎಂದರು.

ಗೀತಾ ಸೇತುವೆಯ ಕೆಳಗೆ ನೋಡಿದಳು. ಸಾಲಾಗಿ ದಪ್ಪ ಕಂಬಗಳು ನಿಂತಿದ್ದವು. ಕಂಬಗಳ ನಡುವೆ ಮುರಿದ ಕೈಗಾಡಿಗಳು, ಹರಿದ ಚೀಲಗಳು, ಕಸದ ರಾಶಿ ಬಿದ್ದಿದ್ದವು. ಒಂದು ಕಡೆ ಮೂರು ಕಲ್ಲು ಇಟ್ಟು ಒಬ್ಬ ತಾಯಿ ಚಹಾ ಕುದಿಸುತ್ತಿದ್ದಳು. ಅವಳ ಪಕ್ಕದಲ್ಲಿ ಬಸವರಾಜನಷ್ಟೇ ದೊಡ್ಡವನಾದ ಒಬ್ಬ ಹುಡುಗ ಕುಳಿತಿದ್ದನು. ಟ್ಯಾಕ್ಸಿ ಮುಂದೆ ಹೋಯಿತು. ಬಸವರಾಜ ಹಿಂತಿರುಗಿ ಅವನನ್ನೇ ನೋಡುತ್ತಿದ್ದನು.

"ಮೇಲೆ ಇಷ್ಟು ಚೆಂದದ ರಸ್ತೆ. ಕೆಳಗೆ ಮಾತ್ರ ಹೀಗೇಕೆ?" ಎಂದು ಗೀತಾ ಕೇಳಿದಳು.

"ಒಳ್ಳೆಯ ಪ್ರಶ್ನೆ ಕೇಳಿದೆ, ಅವ್ವಾ. ಸಂಜೆ ನಿಮ್ಮನ್ನು ಒಂದು ಕಡೆ ಕರೆದುಕೊಂಡು ಹೋಗುತ್ತೇನೆ. ಅಲ್ಲಿ ಇದಕ್ಕೆ ಉತ್ತರ ಸಿಗುತ್ತದೆ" ಎಂದರು ಮಾಮಾ.

ಸಂಜೆಯಾಯಿತು. ಮಾಮಾ ಮಕ್ಕಳನ್ನು ಕರೆದುಕೊಂಡು ನಡೆಯುತ್ತ ಹೊರಟರು. ಮಾಟುಂಗಾದಲ್ಲಿ ಕನ್ನಡ, ತಮಿಳು, ಗುಜರಾತಿ, ಮರಾಠಿ ಎಲ್ಲ ಮಾತುಗಳೂ ಕಿವಿಗೆ ಬೀಳುತ್ತವೆ. ಹೂವಿನ ಅಂಗಡಿಗಳು, ಇಡ್ಲಿ ದೋಸೆಯ ಹೋಟೆಲುಗಳು ಇಲ್ಲಿ ಬಹಳ. ಮುಂಬಯಿಯ ಕನ್ನಡಿಗರು 1926ರಲ್ಲಿ ಸ್ಥಾಪಿಸಿದ ಮೈಸೂರು ಅಸೋಸಿಯೇಶನ್ ಕೂಡ ಮಾಟುಂಗಾದಲ್ಲಿಯೇ ಇದೆ.

ಅವರು ಡಾ. ಬಾಬಾಸಾಹೇಬ ಅಂಬೇಡ್ಕರ್ ರಸ್ತೆಗೆ ಬಂದರು. ರಸ್ತೆಯ ನಡುವೆ ಉದ್ದಕ್ಕೂ ಮೇಲ್ಸೇತುವೆ ಇತ್ತು. ಸಿಗ್ನಲ್ಲಿನಲ್ಲಿ ಕೆಂಪು ದೀಪ ಬಂದು ಗಾಡಿಗಳು ನಿಂತ ಮೇಲೆ ಮಾಮಾ ಮಕ್ಕಳ ಕೈ ಹಿಡಿದು ರಸ್ತೆ ದಾಟಿಸಿದರು. ಸೇತುವೆಯ ಕೆಳಗೆ ಕಬ್ಬಿಣದ ಬೇಲಿಯಿತ್ತು. ಅದಕ್ಕೊಂದು ಬಾಗಿಲು. ಒಳಗೆ ಕಾಲಿಟ್ಟರೆ ಅಲ್ಲೊಂದು ತೋಟ!

ಕಂಬಗಳ ನಡುವೆ ಹಸುರು ಗಿಡಗಳು. ಅವುಗಳ ನಡುವೆ ಬಳುಕುತ್ತ ಸಾಗುವ ಕಾಲುದಾರಿ. ಅಜ್ಜಂದಿರು, ಅಜ್ಜಿಯರು ನಡೆಯುತ್ತಿದ್ದರು. ಕೆಲವರು ಮೆಟ್ಟಿಲಿನಂಥ ಆಸನಗಳ ಮೇಲೆ ಕುಳಿತು ಮಾತನಾಡುತ್ತಿದ್ದರು. ಒಬ್ಬ ಹುಡುಗಿ ದೀಪದ ಕೆಳಗೆ ಕುಳಿತು ಪುಸ್ತಕ ಓದುತ್ತಿದ್ದಳು. ತಲೆಯ ಮೇಲೆ ಬಸ್ಸು ಲಾರಿಗಳು ಗುಡುಗುಡು ಓಡುತ್ತಿದ್ದವು. ಆದರೆ ಯಾರೂ ಅದರ ಕಡೆಗೆ ಗಮನ ಕೊಡುತ್ತಿರಲಿಲ್ಲ.

"ಇದು ನಾನಾಲಾಲ್ ಡಿ. ಮೆಹತಾ ಉದ್ಯಾನ. ಇದು 2016ರಲ್ಲಿ ಜನರಿಗೆ ತೆರೆಯಿತು. ಈ ಕಾಲುದಾರಿಯನ್ನು ನೋಡಿರಿ. ಇದು ನೇರವಾಗಿಲ್ಲ. ಏಕೆ ಹೇಳಿರಿ ನೋಡೋಣ" ಎಂದರು ಮಾಮಾ.

ಮಕ್ಕಳಿಗೆ ತಿಳಿಯಲಿಲ್ಲ. ಆಗ ಮಾಮಾ ದಾರಿಯ ಬದಿಯ ಒಂದು ಕಲ್ಲನ್ನು ತೋರಿಸಿದರು. ಅದರ ಮೇಲೆ ಬರಹ ಕೆತ್ತಿದ್ದರು.

"ಈ ದಾರಿ ನರ್ಮದಾ ನದಿಯ ಆಕಾರದಲ್ಲಿದೆ. ನರ್ಮದೆ ಮಧ್ಯಪ್ರದೇಶದ ಅಮರಕಂಟಕದಲ್ಲಿ ಹುಟ್ಟುತ್ತದೆ. ಮಹಾರಾಷ್ಟ್ರದ ಗಡಿಯನ್ನು ಮುಟ್ಟಿ ಗುಜರಾತಿಗೆ ಹೋಗುತ್ತದೆ. ಭರೂಚ ಊರಿನ ಆಚೆ ಸಮುದ್ರ ಸೇರುತ್ತದೆ. ಅದರ ಉದ್ದ 1,312 ಕಿಲೋಮೀಟರ್. ಈ ದಾರಿಯ ಉದ್ದ ಸುಮಾರು 600 ಮೀಟರ್. ದಂಡೆಯ ಮೇಲಿನ ಸ್ಥಳಗಳ ವಿಷಯವನ್ನು ಈ ಕಲ್ಲುಗಳ ಮೇಲೆ ಬರೆದಿದ್ದಾರೆ."

ಗೀತಾ ಬೆರಳು ಎಣಿಸಿ ಲೆಕ್ಕ ಹಾಕಿದಳು. "ಹಾಗಾದರೆ ಇಲ್ಲಿ ಒಂದು ಮೀಟರ್ ನಡೆದರೆ ನದಿಯಲ್ಲಿ ಎರಡು ಕಿಲೋಮೀಟರಿಗಿಂತ ಹೆಚ್ಚು ಸಾಗಿದ ಹಾಗೆ!"

"ಸರಿಯಾಗಿ ಹೇಳಿದೆ" ಎಂದು ಮಾಮಾ ಬೆನ್ನು ತಟ್ಟಿದರು.

ಬಸವರಾಜ ಅಮರಕಂಟಕದಿಂದ ಸಮುದ್ರದವರೆಗೆ ಒಂದೇ ಉಸಿರಿನಲ್ಲಿ ಓಡಿ ಬಂದನು. ಬಳಿಕ ಮೂವರೂ ಒಂದು ಕಡೆ ಕುಳಿತರು.

"ಈ ಸೇತುವೆಯ ಕೆಳಗೂ ಮೊದಲು ಕಸವೇ ಇತ್ತು" ಎಂದು ಮಾಮಾ ಹೇಳತೊಡಗಿದರು. "ಸೇತುವೆ ಕಟ್ಟಿದ ಮೇಲೆ ಜನ ಇಲ್ಲಿ ಗಾಡಿಗಳನ್ನು ನಿಲ್ಲಿಸುತ್ತಿದ್ದರು. ಕೆಲವರು ಕಸ ಎಸೆಯುತ್ತಿದ್ದರು. ರಾತ್ರಿ ಜೂಜು ಆಡುವವರು ಸೇರುತ್ತಿದ್ದರು. ಹೆಂಗಸರು, ಮಕ್ಕಳು ಈ ಬದಿಯಿಂದ ಹೋಗಲು ಅಂಜುತ್ತಿದ್ದರು. ಜಾಗ ಸರಕಾರದ್ದು, ನಮಗೇಕೆ ಎಂದು ಎಲ್ಲರೂ ಸುಮ್ಮನಿದ್ದರೆ ಅದು ಹಾಗೆಯೇ ಇರುತ್ತಿತ್ತು."

"ಆಮೇಲೆ ಏನಾಯಿತು?"

"ಇಲ್ಲಿಯ ನಾಗರಿಕರು ಒಟ್ಟು ಸೇರಿದರು. ಸೇತುವೆ ನೋಡಿಕೊಳ್ಳುವ ಇಲಾಖೆಗೆ ಹಾಗೂ ಮಹಾನಗರಪಾಲಿಕೆಗೆ ಅರ್ಜಿ ಬರೆದರು. ಬರೀ ಬರೆದು ಕೂಡಲಿಲ್ಲ. ತಮ್ಮ ಹಣ ಕೂಡಿಸಿ ಕಾವಲುಗಾರರನ್ನು ಇಟ್ಟರು. ಮತ್ತೆ ಕಸ ಬೀಳದಂತೆ ನೋಡಿಕೊಂಡರು. ಇಲ್ಲಿ ತೋಟ ಮಾಡಿಕೊಡಿರಿ ಎಂದು ವರ್ಷಗಟ್ಟಲೆ ಕೇಳಿದರು. ಕೊನೆಗೆ ಮಹಾನಗರಪಾಲಿಕೆ ಒಪ್ಪಿತು. ತೋಟವೂ ಆಯಿತು."

ಹತ್ತಿರದಲ್ಲಿ ಒಬ್ಬ ಮಾಲಿ ಗಿಡಗಳಿಗೆ ಕೊಳವೆಯಿಂದ ನೀರು ಹಾಕುತ್ತಿದ್ದರು. ಗೀತಾ ಅವರ ಬಳಿ ಹೋದಳು.

"ಕಾಕಾ, ಇಲ್ಲಿ ಬಿಸಿಲು ಬೀಳುವುದಿಲ್ಲ, ಮಳೆಯೂ ಬೀಳುವುದಿಲ್ಲ. ಗಿಡಗಳು ಹೇಗೆ ಬೆಳೆಯುತ್ತವೆ?"

ಮಾಲಿ ಕಾಕಾ ಹೇಳಿದರು: "ಎಲ್ಲ ಗಿಡಗಳೂ ಇಲ್ಲಿ ಬೆಳೆಯುವುದಿಲ್ಲ ಮಗಳೇ. ಗುಲಾಬಿ, ಚೆಂಡು ಹೂವಿಗೆ ಬಿಸಿಲು ಬೇಕು. ಸೇತುವೆಯ ಕೆಳಗೆ ನೆರಳಿನಲ್ಲಿ ಬದುಕುವ ಗಿಡಗಳನ್ನೇ ಹಚ್ಚಬೇಕು. ಮನಿಪ್ಲಾಂಟ್, ಸ್ನೇಕ್ ಪ್ಲಾಂಟ್ ಅಂಥವು. ಅಂಚಿನಲ್ಲಿ ಒಂದಿಷ್ಟು ಬಿಸಿಲು ಬೀಳುತ್ತದೆ. ಬಿಸಿಲು ಬೇಡುವ ಗಿಡಗಳಿಗೆ ಅದೇ ಜಾಗ. ಮಳೆಗಾಲದಲ್ಲಿಯೂ ನಾವೇ ನೀರು ಹಾಕಬೇಕು. ಎಲೆಗಳ ಮೇಲೆ ಹೊಗೆ, ಧೂಳು ಕೂಡುತ್ತದೆ. ಅದನ್ನು ತೊಳೆಯಬೇಕು. ಹೊಲದ ಗಿಡಕ್ಕೆ ಮಳೆರಾಯ ಸ್ನಾನ ಮಾಡಿಸುತ್ತಾನೆ. ಇಲ್ಲಿಯ ಗಿಡಕ್ಕೆ ನಾವು ಮಾಡಿಸಬೇಕು."

ಆಗ ಬಸವರಾಜ ಮೇಲೆ ನೋಡಿದನು. ಕಂಬದ ತಲೆಗೂ ಮೇಲಿನ ತೊಲೆಗೂ ನಡುವೆ ದಪ್ಪ ಮೆತ್ತೆಯಂಥ ವಸ್ತು ಇತ್ತು. ಅದೇನೆಂದು ಕೇಳಿದನು.

"ಅದಕ್ಕೆ ಬೇರಿಂಗ್ ಎನ್ನುತ್ತಾರೆ. ಬಿಸಿಲಿಗೆ ಸೇತುವೆ ತುಸು ಹಿಗ್ಗುತ್ತದೆ, ಚಳಿಗೆ ಕುಗ್ಗುತ್ತದೆ. ಆಗ ಕಂಬಕ್ಕೆ ಪೆಟ್ಟಾಗಬಾರದೆಂದು ಅದನ್ನು ಇಡುತ್ತಾರೆ. ಎಂಜಿನಿಯರರು ಆಗಾಗ ಬಂದು ಅದನ್ನು ಪರೀಕ್ಷಿಸಬೇಕು. ಆದ್ದರಿಂದ ಸೇತುವೆಯ ಕೆಳಗೆ ಮನಬಂದಂತೆ ಕಟ್ಟಡ ಕಟ್ಟುವ ಹಾಗಿಲ್ಲ. ಕಂಬದ ಬಳಿ ಬೆಂಕಿ ಹಚ್ಚುವ ಹಾಗಿಲ್ಲ. ಬೆಂಕಿಯ ಝಳಕ್ಕೆ ಕಾಂಕ್ರೀಟು ಬಿರಿಯುತ್ತದೆ, ಒಳಗಿನ ಉಕ್ಕಿನ ಬಲ ಕುಂದುತ್ತದೆ" ಎಂದು ಮಾಮಾ ವಿವರಿಸಿದರು.

ಬಸವರಾಜ ಸ್ವಲ್ಪ ಹೊತ್ತು ಸುಮ್ಮನೆ ಕುಳಿತನು. ಬಳಿಕ ಮೆಲ್ಲಗೆ ಕೇಳಿದನು.

"ಮಾಮಾ, ಮುಂಜಾನೆ ನೋಡಿದ ಆ ಸೇತುವೆಯ ಕೆಳಗೂ ತೋಟ ಮಾಡಿದರೆ ಆ ಹುಡುಗ ಎಲ್ಲಿ ಮಲಗುತ್ತಾನೆ?"

ಮಾಮಾ ಕೂಡಲೇ ಉತ್ತರ ಕೊಡಲಿಲ್ಲ. ಅವನನ್ನು ಹತ್ತಿರ ಕೂಡಿಸಿಕೊಂಡರು.

"ಇದನ್ನು ದೊಡ್ಡವರೂ ಮರೆಯುತ್ತಾರೆ, ತಮ್ಮಾ. ಆ ಜನ ಖುಷಿಯಿಂದ ಅಲ್ಲಿ ಇರುವುದಿಲ್ಲ. ಕೆಲಸ ಹುಡುಕಿಕೊಂಡು ನಗರಕ್ಕೆ ಬರುತ್ತಾರೆ. ಬಾಡಿಗೆ ಕೊಡಲು ಹಣವಿರುವುದಿಲ್ಲ. ಸೇತುವೆ ಅವರ ಪಾಲಿಗೆ ಮಾಳಿಗೆಯಾಗುತ್ತದೆ. ಬರೀ ಬೇಲಿ ಹಾಕಿ ಅವರನ್ನು ಓಡಿಸಿದರೆ ಅವರು ಮತ್ತೊಂದು ಸೇತುವೆಯ ಕೆಳಗೆ ಹೋಗುತ್ತಾರೆ. ಅದರಿಂದ ನಗರ ಸುಧಾರಿಸಿದ ಹಾಗಾಗುವುದಿಲ್ಲ. ದೊಡ್ಡ ನಗರಗಳಲ್ಲಿ ಪ್ರತಿ ಒಂದು ಲಕ್ಷ ಜನರಿಗೆ ಒಂದರಂತೆ ಮನೆಯಿಲ್ಲದವರಿಗೆ ಆಶ್ರಯಧಾಮ ಇರಬೇಕೆಂದು ಸರ್ವೋಚ್ಚ ನ್ಯಾಯಾಲಯ 2010ರಲ್ಲಿ ಹೇಳಿದೆ. ಅವರಿಗೆ ಮಲಗಲು ಜಾಗ, ಆ ಹುಡುಗನಿಗೆ ಶಾಲೆ, ಇವು ಮೊದಲು ಆಗಬೇಕು. ತೋಟವೂ ಬೇಕು. ಒಂದಕ್ಕಾಗಿ ಇನ್ನೊಂದನ್ನು ಬಿಡಬಾರದು."

"ತೋಟ ಆದ ಮೇಲೆ ಆ ಹುಡುಗನೂ ಇಲ್ಲಿ ಬಂದು ಆಡಬಹುದಲ್ಲವೇ?"

"ಬರಬೇಕು. ಎಲ್ಲರಿಗೂ ಬಾಗಿಲು ತೆರೆದಿದ್ದರೆ ಮಾತ್ರ ಅದು ಸಾರ್ವಜನಿಕ ಜಾಗ" ಎಂದರು ಮಾಮಾ.

ಮನೆಗೆ ಮರಳುವಾಗ ಮಾಮಾ ಇನ್ನೂ ಎರಡು ಊರುಗಳ ವಿಷಯ ಹೇಳಿದರು. ನವಿ ಮುಂಬಯಿಯ ಸಾನಪಾಡಾದಲ್ಲಿ ಸೇತುವೆಯ ಕೆಳಗೆ ಆಟದ ಅಂಕಣಗಳನ್ನು ಮಾಡಿದ್ದಾರೆ. ಚೆಂಡು ರಸ್ತೆಗೆ ಹೋಗದಂತೆ ಸುತ್ತಲೂ ಬಲೆ ಕಟ್ಟಿದ್ದಾರೆ. ಮಕ್ಕಳು ಅಲ್ಲಿ ಕ್ರಿಕೆಟ್, ಬ್ಯಾಡ್ಮಿಂಟನ್, ಬಾಸ್ಕೆಟ್‌ಬಾಲ್ ಆಡುತ್ತಾರೆ. ಮೇಲೆ ಸೇತುವೆ ಇರುವುದರಿಂದ ಬಿಸಿಲಿಗೂ ಮಳೆಗೂ ಆಟ ನಿಲ್ಲುವುದಿಲ್ಲ.

ಇನ್ನೊಂದು ಊರು ದೂರದ ಅಮೇರಿಕೆಯ ಸ್ಯಾನ್ ಡಿಯಾಗೋ. ಅಲ್ಲಿ ಮೆಕ್ಸಿಕೋ ಮೂಲದ ಜನರ ಒಂದು ಬಡಾವಣೆಯಿತ್ತು. ರಸ್ತೆ ಮತ್ತು ಸೇತುವೆ ಕಟ್ಟುವಾಗ ಎಷ್ಟೋ ಜನರ ಮನೆಗಳು ಹೋದವು. 1969ರಲ್ಲಿ ಸೇತುವೆ ತೆರೆಯಿತು. ಅದರ ಕೆಳಗೆ ತಮಗೊಂದು ಉದ್ಯಾನ ಆಗುತ್ತದೆಂದು ಜನ ನಂಬಿದ್ದರು. ಆದರೆ 1970ರ ಏಪ್ರಿಲ್ 22ರಂದು ಪೊಲೀಸ್ ಠಾಣೆ ಕಟ್ಟಲು ಅಲ್ಲಿಗೆ ಯಂತ್ರಗಳು ಬಂದವು. ವಿದ್ಯಾರ್ಥಿಗಳು, ತಾಯಂದಿರು, ಕೆಲಸಗಾರರು ಕೈ ಕೈ ಹಿಡಿದು ಅಡ್ಡ ನಿಂತರು. ಹನ್ನೆರಡು ದಿನ ಆ ಜಾಗ ಬಿಡಲಿಲ್ಲ. ತಾವೇ ಗುದ್ದಲಿ ಹಿಡಿದು ಗಿಡ ಹಚ್ಚಿದರು. ಕೊನೆಗೆ ಅಲ್ಲಿ ಉದ್ಯಾನವೇ ಆಯಿತು. ಅದರ ಹೆಸರು ಚಿಕಾನೋ ಪಾರ್ಕ್. ಮುಂದೆ ಕಲಾವಿದರು ಸೇತುವೆಯ ಕಂಬಗಳ ಮೇಲೆ ತಮ್ಮ ಜನರ ಇತಿಹಾಸವನ್ನು ಬಣ್ಣಗಳಲ್ಲಿ ಬರೆದರು.

ರಜೆ ಮುಗಿಯಿತು. ಮಕ್ಕಳು ಊರಿಗೆ ಮರಳಿದರು. ಬಸ್ಸು ಇಳಿದ ಕೂಡಲೇ ಗೀತಾ ನಿಂತುಬಿಟ್ಟಳು. ಅವರ ಊರಿನ ಹತ್ತಿರ ಹೆದ್ದಾರಿ ಹೋಗುತ್ತದೆ. ಅದಕ್ಕೂ ಒಂದು ಸೇತುವೆ ಇದೆ! ಸೇತುವೆಗೆ ಎರಡು ಕಣ್ಣುಗಳು. ಒಂದು ಕಣ್ಣಿನೊಳಗಿಂದ ಊರಿನ ರಸ್ತೆ ಹೋಗುತ್ತದೆ. ಇನ್ನೊಂದು ಕಣ್ಣಿನಲ್ಲಿ ಕಲ್ಲು, ಮಣ್ಣು, ಪ್ಲಾಸ್ಟಿಕ್ ಚೀಲಗಳು ತುಂಬಿದ್ದವು. ಸಂತೆಗೆ ಹೋಗುವವರು ಮಾತ್ರ ಹೊರಗೆ ಸುಡುವ ಬಿಸಿಲಿನಲ್ಲಿ ಬಸ್ಸು ಕಾಯುತ್ತಿದ್ದರು. ಅವರಲ್ಲಿ ಮುತ್ಯಾ ಕೂಡ ಇದ್ದರು. ಸೆರಗು, ರುಮಾಲು, ಚೀಲ, ಕೈಗೆ ಸಿಕ್ಕಿದ್ದೆಲ್ಲ ತಲೆಯ ಮೇಲಿತ್ತು.

"ಇಷ್ಟು ತಂಪು ನೆರಳು ಇಲ್ಲಿಯೇ ಇದೆ. ನಮ್ಮ ಜನ ಬಿಸಿಲಿನಲ್ಲಿ ನಿಂತಿದ್ದಾರೆ" ಎಂದಳು ಗೀತಾ.

ಮರುದಿನ ಮಕ್ಕಳು ಶಾಲೆಯಲ್ಲಿ ಗುರುಗಳಿಗೆ ಈ ವಿಷಯ ಹೇಳಿದರು. "ನೀವೇ ಅಲ್ಲಿಗೆ ಹೋಗಿ ಕಸ ತೆಗೆಯಬೇಡಿರಿ. ಗಾಡಿಗಳು ಓಡಾಡುವ ಜಾಗ ಅದು. ಗಾಜು, ಕಬ್ಬಿಣವೂ ಇರುತ್ತದೆ. ಮೊದಲು ಅರ್ಜಿ ಬರೆಯೋಣ" ಎಂದರು ಗುರುಗಳು. ಎಲ್ಲರೂ ಸೇರಿ ಹೀಗೆ ಬರೆದರು:

ಮಾನ್ಯ ಸರಪಂಚರಿಗೆ,
ಗ್ರಾಮ ಪಂಚಾಯತ ಕಾರ್ಯಾಲಯ.

ವಿಷಯ: ಹೆದ್ದಾರಿ ಸೇತುವೆಯ ಕೆಳಗಿನ ಜಾಗ ಸ್ವಚ್ಛ ಮಾಡಿಸುವ ಬಗ್ಗೆ.

ಮಾನ್ಯರೇ,
ನಮ್ಮ ಊರಿನ ಹತ್ತಿರದ ಸೇತುವೆಯ ಒಂದು ಕಣ್ಣಿನಲ್ಲಿ ಕಸ ತುಂಬಿದೆ. ಬಸ್ಸು ಕಾಯುವ ಮುದುಕರು, ಮಕ್ಕಳನ್ನು ಎತ್ತಿಕೊಂಡ ತಾಯಂದಿರು ಬಿಸಿಲಿನಲ್ಲಿ ನಿಲ್ಲುತ್ತಾರೆ. ಆ ಜಾಗವನ್ನು ಸ್ವಚ್ಛ ಮಾಡಿಸಿ ಕೂಡಲು ಕಲ್ಲಿನ ಕಟ್ಟೆ ಹಾಕಿಸಿದರೆ ಎಲ್ಲರಿಗೂ ನೆರಳು ಸಿಗುತ್ತದೆ. ಒಂದು ದೀಪವೂ ಬೇಕು. ಹೆದ್ದಾರಿಯ ಅಧಿಕಾರಿಗಳ ಅನುಮತಿ ಪಡೆದು ಈ ಕೆಲಸ ಮಾಡಿಸಬೇಕೆಂದು ವಿನಂತಿ.

ತಮ್ಮ ವಿಶ್ವಾಸಿಗಳು,
ಶಾಲೆಯ ವಿದ್ಯಾರ್ಥಿಗಳು.

ಗ್ರಾಮಸಭೆಯಲ್ಲಿ ಗೀತಾ ಅರ್ಜಿಯನ್ನು ಓದಿದಳು. "ಸರಕಾರದ ಸೇತುವೆ, ನಮಗೇಕೆ?" ಎಂದರು ಒಬ್ಬರು.

ಆಗ ಮುತ್ಯಾ ಎದ್ದು ನಿಂತರು. "ಸೇತುವೆ ಸರಕಾರದ್ದು. ಬಿಸಿಲು ಯಾರಿಗೆ ಹತ್ತುತ್ತದೆ? ನಮಗೇ ಅಲ್ಲವೇ?" ಎಂದರು. ಸಭೆಯಲ್ಲಿ ಎಲ್ಲರೂ ನಕ್ಕರು. ಅರ್ಜಿಗೆ ಒಪ್ಪಿಗೆ ಸಿಕ್ಕಿತು.

ಅನುಮತಿ ಬರಲು ಮೂರು ತಿಂಗಳು ಹಿಡಿಯಿತು. ಮಾಟುಂಗಾದ ಜನ ವರ್ಷಗಟ್ಟಲೆ ಕಾದಿದ್ದನ್ನು ನೆನೆದು ಮಕ್ಕಳು ಬೇಸರಪಡಲಿಲ್ಲ. ಬೇಸಿಗೆ ಬರುವಷ್ಟರಲ್ಲಿ ಕಸ ಹೋಗಿತ್ತು. ಎರಡು ಕಟ್ಟೆಗಳು ಬಂದಿದ್ದವು. ಒಂದು ದೀಪ ಬಂದಿತ್ತು. ಗುರುಗಳು ಕುಡಿಯುವ ನೀರಿನ ಮಣ್ಣಿನ ಗಡಿಗೆ ಇಡಿಸಿದರು. ಪ್ರತಿ ಶನಿವಾರ ದೊಡ್ಡವರೊಬ್ಬರ ಜೊತೆಗೆ ನಾಲ್ಕು ಮಕ್ಕಳು ಹೋಗಿ ಜಾಗ ಗುಡಿಸಿ, ಗಡಿಗೆ ತೊಳೆದು ಬರುತ್ತಾರೆ.

ಈಗ ಮುತ್ಯಾ ಸಂತೆಯ ದಿನ ಆ ಕಟ್ಟೆಯ ಮೇಲೆ ಕುಳಿತೇ ಬಸ್ಸು ಕಾಯುತ್ತಾರೆ. ಕೆಲವು ಸಲ ಬಸ್ಸು ಬಂದರೂ ಏಳುವುದಿಲ್ಲ. "ಮುಂದಿನ ಬಸ್ಸಿಗೆ ಹೋದರಾಯಿತು" ಎನ್ನುತ್ತಾರೆ.

ಶಬ್ದಾರ್ಥ

ದಟ್ಟಣೆ - ಗದ್ದಲ, ಒತ್ತು
ಅರ್ಜಿ - ಬೇಡಿಕೆಯ ಪತ್ರ
ಮಾಲಿ - ತೋಟ ನೋಡಿಕೊಳ್ಳುವವನು
ಮಾಳಿಗೆ - ಮನೆಯ ಛಾವಣಿ
ಅಂಕಣ - ಆಟಕ್ಕಾಗಿ ಗೆರೆ ಹಾಕಿದ ಜಾಗ
ಸೇತುವೆಯ ಕಣ್ಣು - ಎರಡು ಕಂಬಗಳ ನಡುವಿನ ತೆರವು
ಆಶ್ರಯಧಾಮ - ಮನೆಯಿಲ್ಲದವರು ಉಳಿಯುವ ಸ್ಥಳ
ಸಾರ್ವಜನಿಕ - ಎಲ್ಲ ಜನರಿಗೆ ಸೇರಿದ

ಅಭ್ಯಾಸ

1. ಒಂದೊಂದು ವಾಕ್ಯದಲ್ಲಿ ಉತ್ತರಿಸಿರಿ.
ಅ) ಮೇಲ್ಸೇತುವೆಗಳನ್ನು ಏಕೆ ಕಟ್ಟುತ್ತಾರೆ?
ಆ) ಮಾಟುಂಗಾದ ತೋಟದ ಕಾಲುದಾರಿ ಯಾವ ನದಿಯ ಆಕಾರದಲ್ಲಿದೆ?
ಇ) ನರ್ಮದಾ ನದಿ ಎಲ್ಲಿ ಹುಟ್ಟುತ್ತದೆ?
ಈ) ಸಾನಪಾಡಾದ ಆಟದ ಅಂಕಣಗಳಿಗೆ ಬಲೆ ಏಕೆ ಕಟ್ಟಿದ್ದಾರೆ?

2. ಮೂರು ನಾಲ್ಕು ವಾಕ್ಯಗಳಲ್ಲಿ ಉತ್ತರಿಸಿರಿ.
ಅ) ತೋಟ ಆಗುವ ಮೊದಲು ಮಾಟುಂಗಾದ ನಾಗರಿಕರು ಏನೇನು ಮಾಡಿದರು?
ಆ) ಸೇತುವೆಯ ಕೆಳಗಿನ ಗಿಡಗಳನ್ನು ಹೇಗೆ ಬೆಳೆಸಬೇಕು?
ಇ) ಸೇತುವೆಯ ಕಂಬದ ಬಳಿ ಬೆಂಕಿ ಏಕೆ ಹಚ್ಚಬಾರದು?
ಈ) ಬಸವರಾಜನಿಗೆ ಆ ಹುಡುಗನ ನೆನಪು ಏಕೆ ಬಂದಿತು? ಮಾಮಾ ಏನು ಹೇಳಿದರು?

3. ಬಿಟ್ಟ ಸ್ಥಳ ತುಂಬಿರಿ.
ಅ) ನರ್ಮದಾ ನದಿಯ ಉದ್ದ ........ ಕಿಲೋಮೀಟರ್.
ಆ) ಮಾಟುಂಗಾದ ತೋಟ ........ರಲ್ಲಿ ಜನರಿಗೆ ತೆರೆಯಿತು.
ಇ) ಸ್ಯಾನ್ ಡಿಯಾಗೋದ ಜನ ........ ದಿನ ಆ ಜಾಗ ಬಿಡಲಿಲ್ಲ.

4. ಈ ಮಾತುಗಳನ್ನು ಯಾರು, ಯಾರಿಗೆ ಹೇಳಿದರು?
ಅ) "ಹೊಲದ ಗಿಡಕ್ಕೆ ಮಳೆರಾಯ ಸ್ನಾನ ಮಾಡಿಸುತ್ತಾನೆ."
ಆ) "ಬಿಸಿಲು ಯಾರಿಗೆ ಹತ್ತುತ್ತದೆ?"

5. ವಿರುದ್ಧಾರ್ಥಕ ಶಬ್ದ ಬರೆಯಿರಿ.
ನೆರಳು, ಹಿಗ್ಗು, ಮೇಲೆ, ಸ್ವಚ್ಛ, ಒಪ್ಪಿಗೆ

6. ಮಾದರಿಯಂತೆ ಬರೆಯಿರಿ.
ಮಾದರಿ: ಬಸ್ಸು - ಬಸ್ಸುಗಳು
ಕಂಬ, ಗಿಡ, ರಸ್ತೆ, ಕಟ್ಟೆ

ಉಪಕ್ರಮ

ನಿಮ್ಮ ಊರಿನಲ್ಲಿ ಯಾರೂ ಬಳಸದೆ ಬಿದ್ದಿರುವ ಒಂದು ಸಾರ್ವಜನಿಕ ಜಾಗವನ್ನು ದೊಡ್ಡವರ ಜೊತೆ ಹೋಗಿ ನೋಡಿರಿ. ಅದು ಯಾರ ಅಧೀನದಲ್ಲಿದೆ, ಈಗ ಅಲ್ಲಿ ಯಾರು ಇರುತ್ತಾರೆ, ಅದರಿಂದ ಯಾರಿಗೆ ಉಪಯೋಗವಾಗಬಹುದು ಎಂಬುದನ್ನು ಕೇಳಿ ತಿಳಿಯಿರಿ. ಗುರುಗಳ ಸಹಾಯದಿಂದ ಒಂದು ಅರ್ಜಿ ಬರೆಯಿರಿ.